ಮುದ್ದೆ ಉಂಡ ಮೇಲೆ ಓದಬೇಕಾದ ಹಸ್ತಪ್ರತಿ

ನಮ್ಮ ಭಾವನವರ ಪ್ರಕಾಶನದಲ್ಲಿ ಯಾವ ಪುಸ್ತಕ ಅಚ್ಚಾಗಬೇಕು, ಯಾವುದು ಆಗಬಾರದು ಎಂದು ತೀರ್ಮಾನಿಸುವುದು ರಾಗಿ ಮುದ್ದೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ಬೇರೆ ಪ್ರಕಾಶಕರಿಗೆಲ್ಲ ಸಲಹಾ ಸಮಿತಿ ಅಂತ ಒಂದಿರುತ್ತದಂತೆ, ತಿಳಿದವರು ಹಸ್ತಪ್ರತಿ ಓದಿ ಅಭಿಪ್ರಾಯ ಬರೆದು ಕಳಿಸುತ್ತಾರಂತೆ. ನಮ್ಮಲ್ಲಿ ಅಷ್ಟೂ ಕೆಲಸವನ್ನು ಮುದ್ದೆ ಒಂದೇ ಮಾಡಿ ಮುಗಿಸುತ್ತದೆ. ಆ ಮುದ್ದೆ ತಿರುವುವವಳು ನಾನು. ಅಂದ ಮೇಲೆ ಕನ್ನಡ ಸಾಹಿತ್ಯಕ್ಕೆ ನನ್ನ ಸೇವೆ ಎಷ್ಟು ದೊಡ್ಡದು ಅನ್ನುವುದನ್ನು ನೀವೇ ಊಹಿಸಿಕೊಳ್ಳಿ. ಯಾವ ಪುಸ್ತಕದ ಅರಿಕೆಯಲ್ಲೂ ನನ್ನ ಹೆಸರು ಬಂದಿಲ್ಲ, ಆ ಮಾತು ಬಿಡಿ.

ಭಾವ ಅಂದರೆ ನಮ್ಮೆಜಮಾನರ ಅಣ್ಣ. ಹೈಸ್ಕೂಲಿನ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದರೆ, "ಓದ್ತಾ ಕೂತಾಗ ಕರೆಯೋರು ಯಾರೂ ಇರಬಾರದು ಕಣಮ್ಮ" ಅನ್ನುತ್ತಾರೆ. ನಾನು ಊಟಕ್ಕೆ ಮೂರು ಸಲ ಕರೆಯುವುದು ಅವರ ಲೆಕ್ಕದಲ್ಲಿ ಕರೆಯುವುದಲ್ಲವೇನೋ! ನಿವೃತ್ತಿಯಾದ ಮಾರನೆಯ ದಿನವೇ ಹೊಳೆನರಸೀಪುರದ ನಮ್ಮ ಮನೆಯ ಮುಂದಿನ ಕೋಣೆಗೆ ಪ್ರಕಾಶನದ ಬೋರ್ಡು ಬಿತ್ತು. ಆ ಕೋಣೆಯಲ್ಲಿ ಮೊದಲು ನನ್ನ ಹೊಲಿಗೆ ಮೆಷಿನ್ನಿತ್ತು. ಈಗ ಅದು ಬಚ್ಚಲಮನೆಯ ಪಕ್ಕದಲ್ಲಿ ಬಟ್ಟೆ ಹೊದ್ದು ನಿಂತಿದೆ.

ಅವರ ನಿಯಮ ಇಷ್ಟೇ. ಬರೆದವರು ಭಾನುವಾರ ನಮ್ಮ ಮನೆಗೆ ಬರಬೇಕು. ನಮ್ಮ ಜೊತೆ ಕೂತು ಮುದ್ದೆ ಊಟ ಮಾಡಬೇಕು. ಊಟವಾದ ಮೇಲೆ, ಬಿಸಿಲು ಹೆಂಚಿನ ಮೇಲೆ ಕೂತಿರುವ ಹೊತ್ತಿನಲ್ಲಿ, ನಡುಮನೆಯಲ್ಲಿ ಚಾಪೆ ಹಾಕಿಕೊಂಡು ತಾವು ಬರೆದದ್ದನ್ನು ತಾವೇ ಗಟ್ಟಿಯಾಗಿ ಓದಬೇಕು. ಕೇಳುವವರು ಮೂರು ಜನ: ನಾನು, ನಮ್ಮೆಜಮಾನರು, ಎದುರು ಮನೆಯ ನಿವೃತ್ತ ಪಿ.ಟಿ. ಮೇಷ್ಟ್ರು. ಭಾವ ಗೋಡೆಗೊರಗಿ ಕೂತು ನಮ್ಮ ಮೂವರ ರೆಪ್ಪೆಗಳನ್ನು ನೋಡುತ್ತಿರುತ್ತಾರೆ. ಮೂವರಲ್ಲಿ ಇಬ್ಬರು ಎಚ್ಚರವಾಗಿದ್ದರೆ ಪುಸ್ತಕ ಪಾಸು. ಇಬ್ಬರು ತೂಕಡಿಸಿದರೆ ಫೇಲು.

"ತಣ್ಣಗಿರೋ ಬೆಳಗ್ಗೆ, ಕಾಫಿ ಕುಡಿದು ಯಾವ ಪುಸ್ತಕ ಬೇಕಾದ್ರೂ ಓದಬೋದು ಕಣಮ್ಮ. ಮುದ್ದೆ ಉಂಡು ಮಧ್ಯಾಹ್ನ ಎಚ್ಚರ ಇರಿಸ್ತದಾ ನೋಡು, ಅದು ಪುಸ್ತಕ" ಎನ್ನುವುದು ಅವರ ವಾದ.

ನಮ್ಮೆಜಮಾನರು ಮುದ್ದೆ ತಿನ್ನದಿದ್ದರೂ ತೂಕಡಿಸುವವರೇ. ಅವರದು ಹುಟ್ಟಿನಿಂದಲೇ ತಿರಸ್ಕಾರದ ವೋಟು. ಹಾಗಾಗಿ ಪ್ರತಿಯೊಬ್ಬ ಸಾಹಿತಿಯ ಹಣೆಬರಹವೂ ನನ್ನ ಮತ್ತು ಮೇಷ್ಟ್ರ ಕಣ್ಣುಗಳ ಮೇಲೆ ನಿಂತಿರುತ್ತದೆ. ಬೆಳಗ್ಗೆ ಐದಕ್ಕೆ ಎದ್ದು, ಮನೆಗೆಲಸ ಮುಗಿಸಿ, ಅಷ್ಟು ಜನಕ್ಕೆ ಸಾರು ಕುದಿಸಿ, ಮುದ್ದೆಕೋಲು ಹಿಡಿದು ಬೆವರು ಸುರಿಸಿದವಳ ಕಣ್ಣು ಮಧ್ಯಾಹ್ನ ಹೇಗಿರುತ್ತದೆ? ಈ ಮಾತನ್ನು ಭಾವನಿಗೆ ಹೇಳಿದೆ. "ಅದಕ್ಕೇ ನಿನ್ನ ಕೇಳಕ್ಕೆ ಕೂರ್ಸಿರೋದು. ನಿನ್ನನ್ನ ಎಚ್ಚರ ಇಟ್ಟ ಪುಸ್ತಕ ಹೆಂಗಸ್ರೆಲ್ಲರನ್ನೂ ಎಚ್ಚರ ಇಡ್ತದೆ" ಅಂದರು. ಹೊಗಳಿದರೋ ಬೈದರೋ ಇವತ್ತಿಗೂ ಗೊತ್ತಾಗಿಲ್ಲ. ರಾಗಿ ಬೀಸಿಸಲು ಹೋದರೆ ಮಿಲ್ಲಿನವನು, "ಏನಕ್ಕಾ, ಈ ಸಲ ಕಾದಂಬ್ರಿಗೋ ಕವನಕ್ಕೋ?" ಅಂತ ಕೇಳುತ್ತಾನೆ. ಕಾದಂಬರಿಯಾದರೆ ಹಿಟ್ಟು ಹೆಚ್ಚು ಬೇಕು ಅನ್ನುವುದು ಅವನಿಗೂ ತಿಳಿದುಹೋಗಿದೆ.

ಈ ಪರೀಕ್ಷೆಗೆ ಬಂದವರ ಪಾಡು ಒಬ್ಬೊಬ್ಬರದು ಒಂದೊಂದು. ಅರಕಲಗೂಡಿನ ಕಡೆಯವರೊಬ್ಬರು ಐತಿಹಾಸಿಕ ಕಾದಂಬರಿ ತಂದಿದ್ದರು. ಹೊತ್ತು ತರಲು ಜೊತೆಗೆ ಅಳಿಯ ಬಂದಿದ್ದ, ಅಷ್ಟು ದಪ್ಪ. ಹಿತಕಿದ ಅವರೆಬೇಳೆ ಸಾರು ಅವರಿಗೆ ಬಹಳ ಹಿಡಿಸಿತು. ಬೇಡ ಬೇಡ ಅನ್ನುತ್ತಲೇ ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಓದಲು ಕೂತರು. ರಾಜ ಕುದುರೆ ಹತ್ತಿದ, ಸೇನೆ ಹೊರಟಿತು, ದಾರಿಯಲ್ಲಿ ಒಂದು ಹೊಳೆ ಬಂತು. ಹೊಳೆಯ ದಂಡೆಯಲ್ಲಿ ಓದುವ ದನಿ ನಿಧಾನವಾಯಿತು, ಆಮೇಲೆ ನಿಂತೇಹೋಯಿತು. ನೋಡಿದರೆ ಕಾದಂಬರಿಕಾರರೇ ಗದ್ದವನ್ನು ಎದೆಗೂರಿ ಗೊರಕೆ ಹೊಡೆಯುತ್ತಿದ್ದಾರೆ. ನಾವು ಮೂವರೂ ಎಚ್ಚರವಾಗಿದ್ದೆವು, ನಮ್ಮೆಜಮಾನರೂ ಸೇರಿ! ನಿಯಮದ ಪ್ರಕಾರ ಪಾಸಾಗಬೇಕಿತ್ತಲ್ಲವೇ?

"ಬರೆದೋನ್ನೇ ಎಬ್ಬಿಸಕ್ಕಾಗ್ದೆ ಇರೋದು ಇನ್ಯಾರನ್ನ ಎಬ್ಬಿಸ್ತದೆ? ರಾಜ ಹೊಳೆ ದಾಟಲಿಲ್ಲ, ಅಷ್ಟೇಯ" ಅಂದು ಭಾವ ಅವರ ತಲೆಯ ಕೆಳಗೆ ದಿಂಬು ಇಟ್ಟು ಹೊರಗೆ ಹೋದರು.

ಚನ್ನರಾಯಪಟ್ಟಣದ ಲೆಕ್ಚರರ್ ಒಬ್ಬರು ಜಾಣರು. ಮೊದಲೇ ವಿಚಾರಿಸಿಕೊಂಡು ಬಂದಿದ್ದರು. ಕೈ ತೊಳೆಯುವ ನೆಪದಲ್ಲಿ ಅಡುಗೆಮನೆಯ ಬಾಗಿಲಿಗೆ ಬಂದು, "ಮೇಡಂ, ಸಾರಿಗೆ ಖಾರ ಸ್ವಲ್ಪ ಮುಂದೆ ಇರಲಿ. ಮೇಷ್ಟ್ರಿಗೆ ಅರ್ಧ ಮುದ್ದೆ ಸಾಕು" ಎಂದು ಪಿಸುಗುಟ್ಟಿದರು. ಖಾರ ಹಾಕಿದೆ. ಮೇಷ್ಟ್ರು ಮೂಗು ಸುರಿಸುತ್ತ ಕಡೆಯವರೆಗೂ ಎಚ್ಚರವಿದ್ದರು. ಆದರೆ ಭಾವ ಸಾರಿನ ರುಚಿ ನೋಡಿಯೇ ಕೇಸು ಹಿಡಿದುಬಿಟ್ಟಿದ್ದರು. "ನಿಮ್ಮ ಪುಸ್ತಕದ ಜೊತೆ ಒಂದೊಂದು ಪೊಟ್ಣ ಮೆಣಸಿನಪುಡಿ ಕೊಡಕ್ಕಾಗ್ತದಾ ಸಾ?" ಅಂತ ಕೇಳಿ ಕಳಿಸಿದರು. ಅವರನ್ನು ಕಳಿಸಿದ ಮೇಲೆ ಬೈಸಿಕೊಂಡವಳು ನಾನು.

ಅಂತೂ ಪಾಸಾದ ಪುಸ್ತಕಕ್ಕಾದರೂ ನೆಮ್ಮದಿ ಉಂಟೇ? ಕಥಾಸಂಕಲನವಾದರೆ ಯಾವ ಕಥೆ ಮೊದಲು, ಯಾವುದು ಆಮೇಲೆ ಅನ್ನುವುದನ್ನು ಹಿತ್ತಲಿನಲ್ಲಿ ನಾನು ಬಟ್ಟೆ ಒಣಹಾಕುವ ಹಗ್ಗದ ಮೇಲೆ ತೀರ್ಮಾನಿಸುತ್ತಾರೆ. ಒಂದೊಂದು ಕಥೆಯ ಮೊದಲ ಹಾಳೆಯನ್ನೂ ಕ್ಲಿಪ್ಪು ಹಾಕಿ ನೇತುಬಿಟ್ಟು, ಕಾಫಿ ಲೋಟ ಹಿಡಿದು ಹಿಂದಕ್ಕೂ ಮುಂದಕ್ಕೂ ಓಡಾಡಿ, ಇದನ್ನು ತೆಗೆದು ಅಲ್ಲಿಗೆ, ಅದನ್ನು ತೆಗೆದು ಇಲ್ಲಿಗೆ. ಕ್ಲಿಪ್ಪೆಲ್ಲ ಕಥೆಗಳಿಗೆ. ನನ್ನ ಸೀರೆ ಗಾಳಿಗೆ ಹಾರಿ ಪಕ್ಕದವರ ನುಗ್ಗೆಮರ ಸೇರಿದರೂ ಚಿಂತೆಯಿಲ್ಲ. ಒಂದು ದಿನ ಅವರು ಹೊರಗೆ ಹೋಗಿದ್ದಾಗ ಮಳೆ ಬಂತು. ಬಟ್ಟೆಯ ಜೊತೆ ಕಥೆಗಳನ್ನೂ ಬಾಚಿಕೊಂಡು ಒಳಗೆ ಓಡಿಬಂದೆ. ಬಿಸಿಲು ಬಂದ ಮೇಲೆ ಕೈಗೆ ಸಿಕ್ಕಂತೆ ಮತ್ತೆ ಸಿಕ್ಕಿಸಿದೆ. ಸಂಜೆ ಭಾವ ಬಂದು ಹಗ್ಗದ ಮುಂದೆ ಬಹಳ ಹೊತ್ತು ನಿಂತರು.

"ತಾಯಿ, ಇದನ್ನ ಯಾರು ಜೋಡ್ಸಿದ್ದು?"

"ಮಳೆ ಬಂತಲ್ಲ ಭಾವ..."

"ಮಳೆಗೆ ನನಗಿಂತ ಬುದ್ಧಿ ಐತೆ ಬಿಡು" ಎಂದು ಅದೇ ಕ್ರಮದಲ್ಲಿ ಹಾಸನದ ಡಿ.ಟಿ.ಪಿ. ಹುಡುಗಿಗೆ ಕೊಟ್ಟುಬಂದರು. ಪುಸ್ತಕ ಬಂದಾಗ ಯಾರೋ ವಿಮರ್ಶಕರು, ಕಥೆಗಳ ಜೋಡಣೆಯಲ್ಲಿ ಆಳವಾದ ಚಿಂತನೆ ಕಾಣುತ್ತದೆ ಎಂದು ಬರೆದರು. ನಾನು ಆಳವಾಗಿ ಚಿಂತಿಸುತ್ತಿದ್ದದ್ದು ಹಪ್ಪಳದ ಬಗ್ಗೆ. ಅವೂ ಅವತ್ತು ನೆನೆದಿದ್ದವು.

ರಕ್ಷಾಪುಟದ ಪರೀಕ್ಷೆಯಂತೂ ಹಾಸನದ ಬಸ್ಸಿನಲ್ಲಿ ನಡೆಯುತ್ತದೆ. ಖಾಲಿ ಹಾಳೆಯ ಪುಸ್ತಕಕ್ಕೆ ಹೊಸ ರಕ್ಷಾಪುಟ ಹೊದಿಸಿ, ಅದನ್ನು ಸೀಟಿನ ಮೇಲೆ ಇಟ್ಟು, ತಾವು ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ಯಾರಾದರೂ ಎತ್ತಿಕೊಂಡು ತಿರುಗಿಸಿ ನೋಡಿದರೆ ಆ ಚಿತ್ರ ಗೆದ್ದಂತೆ. ಒಮ್ಮೆ ಒಬ್ಬ ಅಜ್ಜಿ ಎತ್ತಿಕೊಂಡು, ಹಾಸನದವರೆಗೂ ಅದರಲ್ಲಿ ಗಾಳಿ ಬೀಸಿಕೊಂಡರಂತೆ. ಭಾವ ಇಳಿಯುವಾಗ ಕೇಳಿದ್ದಾರೆ, "ಅಜ್ಜಿ, ಎಂಗೈತೆ ಪುಸ್ತಕ?" ಅಂತ. ಅಜ್ಜಿ, "ತಂಪಾಗೈತೆ ಕಣಪ್ಪ" ಅಂದಿದ್ದಾರೆ. ಮನೆಗೆ ಬಂದವರೇ ಅದೇ ದಪ್ಪದ ಬೋರ್ಡು ಎಂದು ಖಾಯಂ ಮಾಡಿದರು.

ಮಾರುವುದಿದೆಯಲ್ಲ, ಅದನ್ನು ಹೇಳದಿರುವುದೇ ವಾಸಿ. ಹಾಸನದಲ್ಲಿ ಹೊಸ ಮನೆ ಕಟ್ಟಿಸಿದವರೊಬ್ಬರು ಗಾಜಿನ ಬೀರು ತುಂಬಬೇಕು, ನಿಮ್ಮಲ್ಲಿರುವ ಪುಸ್ತಕವೆಲ್ಲ ಒಂದೊಂದು ಕೊಡಿ ಅಂತ ಕಾರಿನಲ್ಲಿ ಬಂದರು. ಭಾವ, "ಮೊದಲು ಒಂದು ತಗೊಂಡೋಗಿ ಓದಿ. ಅದರಲ್ಲಿ ಏನೈತೆ ಅಂತ ಬಂದು ಹೇಳಿ, ಎರಡನೇದು ಕೊಡ್ತೀನಿ" ಅಂದರು. ಕಾರು ಹಿಂದಕ್ಕೆ ಹೋಯಿತು. ಪುಸ್ತಕ ಖಾಲಿಯಾದರೆ ಹೊಲಿಗೆ ಮೆಷಿನ್ನು ಮತ್ತೆ ಕೋಣೆಗೆ ಬಂದೀತು ಎಂದು ಕಿಟಕಿಯಿಂದ ನೋಡುತ್ತಿದ್ದ ನನ್ನ ಆಸೆಯೂ ಅದರ ಜೊತೆಗೇ ಹೋಯಿತು.

ಇಷ್ಟನ್ನೆಲ್ಲ ನಾನು ಸಹಿಸಿಕೊಂಡೆ. ಆದರೆ ಗೊರೂರಿನ ಆಕೆ ಬಂದ ದಿನ ಮಾತ್ರ ನನಗೆ ಭಾವನ ಮೇಲೆ ನಿಜವಾದ ಸಿಟ್ಟು ಬಂತು.

ಆಕೆಗೆ ನನ್ನದೇ ವಯಸ್ಸು. ಗಂಡ ನೀರಾವರಿ ಇಲಾಖೆಯವರು, ನಿವೃತ್ತರು. ಅಣೆಕಟ್ಟಿನ ಕ್ವಾರ್ಟರ್ಸಿನಲ್ಲಿ ಹೆಚ್ಚು ಕಾಲ ಬಾಳಿದವರು. ಒಂದೇ ಥರದ ಮನೆಗಳ ಸಾಲು, ವರ್ಗವಾಗಿ ಬರುವವರು, ವರ್ಗವಾಗಿ ಹೋಗುವವರು, ಹೋದವರು ನೆಟ್ಟ ಕರಿಬೇವನ್ನು ಬಂದವರು ಮುರಿದುಕೊಳ್ಳುವುದು, ಇದನ್ನೆಲ್ಲ ಆಕೆ ಉದ್ದನೆಯ ಲಾಂಗ್ ಬುಕ್ಕುಗಳಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದರು. ಹಾಸನಕ್ಕೆ ಬಂದು ಬಸ್ಸು ಬದಲಿಸಿ, ಬೆಳಗ್ಗೆಯೇ ಗಂಡನ ಜೊತೆ ಬಂದಿಳಿದರು. ಸುಮ್ಮನೆ ಕೂರುವ ಹೆಂಗಸಲ್ಲ. ಅಡುಗೆಮನೆಗೆ ಬಂದು ನನ್ನ ಪಕ್ಕದಲ್ಲಿ ಕೂತು ನೆನೆದ ಅವರೆಕಾಳು ಹಿತಕತೊಡಗಿದರು. ಆಕೆ ಕಾಳು ಹಿತಕುತ್ತಿದ್ದಾಗ ನಾನು ಒಲೆಯ ಮುಂದೆ ನಿಂತುಕೊಂಡೇ ಲಾಂಗ್ ಬುಕ್ಕಿನ ಮೊದಲ ಹಾಳೆಗಳನ್ನು ತಿರುವಿದೆ. ಒಗ್ಗರಣೆ ಸೀದುಹೋಯಿತು. ಅಷ್ಟು ಚೆನ್ನಾಗಿತ್ತು.

ಆಕೆಗೆ ಮಾತು ತಡೆಯುತ್ತಿತ್ತು. ತೊದಲು. ಒಂದು ಶಬ್ದದ ಮೊದಲ ಅಕ್ಷರದಲ್ಲೇ ಸಿಕ್ಕಿಹಾಕಿಕೊಂಡರೆ, ಕುತ್ತಿಗೆಯ ನರ ಉಬ್ಬಿ, ಕಣ್ಣು ಮುಚ್ಚಿ, ಅಲ್ಲೇ ನಿಂತುಬಿಡುತ್ತಿದ್ದರು. ಗಂಡ ಒಳ್ಳೆಯವರು. ನಡುಮನೆಯಿಂದಲೇ ಆಕೆಯ ಮಾತನ್ನು ಮುಗಿಸಿಕೊಡುತ್ತಿದ್ದರು. ನಾನೂ ಅದೇ ಮಾಡಿದೆ. ಆಕೆ "ಉ... ಉ..." ಅಂದರೆ ನಾನು, "ಉಪ್ಪಾ? ಕೊಟ್ಟೆ ಇರಿ" ಅನ್ನುವುದು. ಆಕೆ ತಲೆಯಾಡಿಸಿ ಉಪ್ಪು ತೆಗೆದುಕೊಳ್ಳುವುದು. ಎಷ್ಟೋ ಹೊತ್ತಿನ ಮೇಲೆ ಆ ಉಪ್ಪು ಮುಟ್ಟದೆ ಪಕ್ಕದಲ್ಲೇ ಇರುವುದನ್ನು ನೋಡಿದೆ. ಅವರಿಗೆ ಬೇಕಾಗಿದ್ದು ಏನೋ.

ಊಟವಾಯಿತು. ಗಂಡ ಕನ್ನಡಕ ಹಾಕಿಕೊಂಡು ಲಾಂಗ್ ಬುಕ್ ಬಿಚ್ಚಿದರು.

"ಇವಳಿಗೆ ಸ್ವಲ್ಪ ಮಾತು ತಡೀತದೆ ಸಾ. ನಾನೇ ಓದ್ಬುಡ್ತೀನಿ."

"ಬರ್ದಿದ್ದು ಯಾರು?" ಅಂದರು ಭಾವ.

"ಇವಳೇ ಸಾ, ಅಂಗಲ್ಲ, ಇವಳು ಓದಿದ್ರೆ ವತ್ತು ಮುಳುಗ್ತದೆ."

"ಮುಳುಗ್ಲಿ. ನೀವು ಉಂಡಿದ್ದೀರಿ, ಆ ಕಡೆ ದಿಂಬೈತೆ, ಮಲ್ಕೊಳಿ."

ಆಕೆ ಗಂಡನ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನಾನು ಭಾವನನ್ನು ದುರುಗುಟ್ಟಿಕೊಂಡು ನೋಡಿದೆ. ಅವರು ಯಾವತ್ತಿನಂತೆ ಗೋಡೆಗೊರಗಿದ್ದರು. ಆಕೆ ಓದತೊಡಗಿದರು. ಓದತೊಡಗಿದರು ಅಂದರೆ, ಮೊದಲ ಶಬ್ದವನ್ನು ಹೊರಗೆ ತರಲು ಹೆಣಗತೊಡಗಿದರು. ನಮ್ಮೆಜಮಾನರು ಆ ಶಬ್ದ ಬರುವ ಮೊದಲೇ ಮಲಗಿದ್ದರು. ಮೇಷ್ಟ್ರು ಪಾಪ, ಬೆನ್ನು ನೆಟ್ಟಗೆ ಮಾಡಿಕೊಂಡು, ತೊಡೆ ಚಿವುಟಿಕೊಂಡು, ಡ್ರಿಲ್ಲಿಗೆ ನಿಂತವರ ಹಾಗೆ ಪ್ರಯತ್ನಪಟ್ಟರು. ಒಂದು ಪುಟ ಮುಗಿಯುವಷ್ಟರಲ್ಲಿ ಅವರೂ ಹೋದರು. ನಾನು ಎಚ್ಚರವಿದ್ದದ್ದು ಸಿಟ್ಟಿಗೆ. ಇಬ್ಬರು ಮಲಗಿದ ಮೇಲೆ ಫೇಲು ತಾನೇ? ಒಂದು ಮಾತು ಹೇಳಿ ಆಕೆಯನ್ನು ಬಿಟ್ಟುಬಿಡಬಾರದೇ? ಭಾವ ಹೇಳಲಿಲ್ಲ. ಆಕೆ ನಿಲ್ಲಿಸಲಿಲ್ಲ. ಸಂಜೆಯ ಬಸ್ಸಿನ ಹೊತ್ತಿಗೆ ಐದಾರು ಪುಟವೂ ಆಗಿರಲಿಲ್ಲ, ಆಕೆಯ ಸೆರಗಿನ ಅಂಚು ಹಿಂಡಿ ಹಿಂಡಿ ಹಗ್ಗವಾಗಿತ್ತು.

ಅವರು ಹೊರಟ ಮೇಲೆ ನಾನು ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟೆ.

"ಏನಾಯ್ತು ತಾಯಿ?" ಎಂದು ಭಾವ ಬಾಗಿಲಿಗೆ ಬಂದರು.

"ನಿಮ್ಮ ಮುದ್ದೆ ಪರೀಕ್ಷೆಗೆ ಬೆಂಕಿ ಹಾಕ. ಆಯಮ್ಮನ್ನ ಕೂರಿಸಿ ಹಿಂಸೆ ಕೊಟ್ರಲ್ಲ ಭಾವ, ಅವರ ಯಜಮಾನ್ರು ಓದಿದ್ರೆ ಏನು ಗಂಟು ಹೋಗ್ತಿತ್ತು? ಪುಸ್ತಕ ಎಷ್ಟು ಚೆನ್ನಾಗೈತೆ ಗೊತ್ತಾ ನಿಮಗೆ? ನಾನು ಓದಿದ್ದೀನಿ."

"ಗೊತ್ತು. ಆಯಮ್ಮ ಮೊದಲೇ ಒಂದು ಬುಕ್ಕು ಪೋಸ್ಟಲ್ಲಿ ಕಳ್ಸಿದ್ರು. ನಾನೂ ಓದಿವ್ನಿ."

"ಮತ್ತೆ ಅಚ್ಚು ಹಾಕಕ್ಕೆ ಏನು ಅಡ್ಡಿ?"

"ಇನ್ನೂ ಓದಿ ಮುಗ್ಸಿಲ್ವಲ್ಲ ಅವರು" ಅಂದರು ಭಾವ. "ಮುಂದಿನ ಭಾನ್ವಾರನೂ ಬತ್ತಾರೆ. ಅವರೆಕಾಯಿ ನಾನೇ ತಂದ್ಕೊಡ್ತೀನಿ ಬಿಡು."

ಒಳ್ಳೆಯ ಪುಸ್ತಕ ಅಂತ ಗೊತ್ತಿದ್ದೂ ಇಷ್ಟು ಗೋಳು ಹೊಯ್ದುಕೊಳ್ಳುವವರನ್ನು ಏನನ್ನಬೇಕು? ಆ ವಾರವೆಲ್ಲ ಅವರಿಗೆ ಬೇಕೆಂದೇ ಸಕ್ಕರೆ ಕಡಿಮೆ ಹಾಕಿ ಕಾಫಿ ಕೊಟ್ಟೆ. ಅವರಿಗೆ ತಿಳಿಯಲೇ ಇಲ್ಲ. ಅದು ಇನ್ನೂ ಸಿಟ್ಟು.

ಆಕೆ ಬಂದರು. ಅದರ ಮುಂದಿನ ವಾರವೂ ಬಂದರು. ಗಂಡ ಕೆಲವು ವಾರ ಜೊತೆಗೆ ಬಂದು ದಿಂಬು ಹುಡುಕಿ ಮಲಗಿದರು, ಆಮೇಲೆ ಬರುವುದನ್ನು ಬಿಟ್ಟರು. ಆಕೆ ಒಬ್ಬರೇ ಬಸ್ಸು ಬದಲಿಸಿ ಬರತೊಡಗಿದರು. ಅವರೆಕಾಯಿಯ ಕಾಲ ಮುಗಿದು ಸೊಪ್ಪಿನ ಸಾರು ಬಂತು, ಬೇಸಿಗೆಯ ಮಾವಿನಕಾಯಿ ಗೊಜ್ಜೂ ಬಂತು. ಮೇಷ್ಟ್ರು ಮತ್ತು ನಮ್ಮೆಜಮಾನರು ಪ್ರತಿ ಭಾನುವಾರವೂ ತಪ್ಪದೆ ಫೇಲು ಮಾಡುತ್ತ ಮಲಗಿದರು. ಅವರ ರೆಪ್ಪೆಯನ್ನು ಭಾವ ನೋಡುತ್ತಲೇ ಇಲ್ಲ ಅನ್ನುವುದು ನನಗೆ ತಡವಾಗಿ ಹೊಳೆಯಿತು. ಅವರು ಆಕೆಯನ್ನೇ ನೋಡುತ್ತಿದ್ದರು. ಸಾಲು ಮುಗಿಯುವ ಮೊದಲೇ "ಗೊತ್ತಾಯ್ತು ಮುಂದಕ್ಕೆ ಓಗಿ" ಎಂದು ಎಂಥೆಂಥ ಪಂಡಿತರ ಬಾಯನ್ನೋ ಮುಚ್ಚಿಸಿದ ಮನುಷ್ಯ, ಆಕೆ ಒಂದು ಅಕ್ಷರದ ಮೇಲೆ ನಿಂತಾಗ ತಾವೂ ನಿಲ್ಲುತ್ತಿದ್ದರು. ತುಟಿ ಅಲುಗಿಸುತ್ತಿರಲಿಲ್ಲ. ಗಡಿಯಾರ ನೋಡುತ್ತಿರಲಿಲ್ಲ. ಒಮ್ಮೆ ನಾನು ತಡೆಯಲಾರದೆ ಆಕೆ ಸಿಕ್ಕಿಕೊಂಡ ಶಬ್ದವನ್ನು ಹೇಳಿಬಿಟ್ಟೆ. ಭಾವ ನನ್ನ ಕಡೆ ತಿರುಗಿ, "ನೀನು ಬರ್ದಿದ್ದಾ?" ಅಂದರು, ಅಷ್ಟೇ. ಆಕೆ ಮೊದಲ ಸಲ ನಕ್ಕರು. ನಕ್ಕು, ಆ ಶಬ್ದವನ್ನು ಮೊದಲಿನಿಂದ ಶುರು ಮಾಡಿ, ತಾವೇ ಹೇಳಿದರು.

ಓದಿ ಮುಗಿದ ಸಂಜೆ ಭಾವ ಹೇಳಿದ್ದು, "ನಾಳೆ ಡಿ.ಟಿ.ಪಿ.ಗೆ ಕೊಡ್ತೀನಿ" ಅಂತ ಮಾತ್ರ. ಒಂದು ಒಳ್ಳೆಯ ಮಾತಾದರೂ ಆಡಬಾರದೇ ಎಂದು ನಾನು ಹಲ್ಲು ಕಚ್ಚಿಕೊಂಡೆ. ಪುಸ್ತಕ ಬಂತು. ಪ್ರತಿಗಳನ್ನು ಕಟ್ಟಿ, ಹಾಸನಕ್ಕೆ ಹೋಗಿ ಗೊರೂರಿನ ಬಸ್ಸಿಗೆ ಹಾಕಿ ಬಂದರು.

ಆಮೇಲೊಂದು ಬೆಳಗ್ಗೆ ನಾನು ಕುಕ್ಕರ್ ಇಟ್ಟಿದ್ದೆ. ಭಾವನ ಮೊಬೈಲು ರಿಂಗಾಯಿತು. ಅವರಿಗೆ ಕಿವಿ ಸ್ವಲ್ಪ ಮಂದ, ಯಾವಾಗಲೂ ಸ್ಪೀಕರಿಗೆ ಹಾಕಿಯೇ ಮಾತಾಡುವುದು. "ಹಲೋ" ಅಂದರು. ಆ ಕಡೆ ಏನೂ ಇಲ್ಲ. ಬರೀ ಉಸಿರು. ಯಾರೋ ರಾಂಗ್ ನಂಬರು ಅಂದುಕೊಂಡೆ. ಭಾವ ಕಟ್ ಮಾಡಲಿಲ್ಲ. ಇನ್ನೊಂದು ಸಲ ಹಲೋ ಅನ್ನಲೂ ಇಲ್ಲ. ಫೋನನ್ನು ಅಂಗೈಯಲ್ಲಿ ಇಟ್ಟುಕೊಂಡು, ಬಾಗಿಲ ಬಿಸಿಲಲ್ಲಿ ನಿಂತುಬಿಟ್ಟರು. ಗೊರೂರಿನ ಆಕೆಯ ಯಜಮಾನರು ಒಮ್ಮೆ ಹೇಳಿದ್ದರು, ಇವಳು ಫೋನ್ ಮುಟ್ಟಿದವಳೇ ಅಲ್ಲ, ಮನೆಗೆ ಬೆಂಕಿ ಬಿದ್ದರೂ ನನ್ನನ್ನೇ ಕೂಗುತ್ತಾಳೆ ಅಂತ.

"ಪು... ಪು..."

ನನಗೆ ಗೊತ್ತಾಯಿತು. ಪುಸ್ತಕ ತಲುಪಿತು, ಅಷ್ಟೇ ತಾನೇ? ಮಾತು ನನ್ನ ನಾಲಿಗೆಯ ತುದಿಗೇ ಬಂದಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಕುಕ್ಕರ್ ಸುಯ್ ಅನ್ನತೊಡಗಿತು. ಅದು ಕೂಗಿ ಆಕೆಯನ್ನು ಬೆದರಿಸಿಬಿಟ್ಟರೆ ಅಂತ ಹಿಂದಕ್ಕೆ ಹೋಗಿ ಒಲೆ ಆರಿಸಿದೆ.

"ಪುಟ... ಅ...ರವತ್ತೇಳ್ರಲ್ಲಿ ಸಾ," ಎಂದು ಆಕೆಯ ದನಿ ಬಂತು, "ಒಂದು ಸಾ... ಸಾಲೇ ಬಿ... ಬಿಟ್ಟೋಗೈತೆ. ನೀವು ನೋ...ಡ್ಬೇಕ್ತಾನೆ?"

ಅಚ್ಚಿನ ತಪ್ಪು ತೋರಿಸಿದವರ ಜೊತೆ ಜಗಳಕ್ಕೆ ನಿಲ್ಲುವ ನಮ್ಮ ಭಾವ ಫೋನನ್ನು ಕಿವಿಗೆ ಇನ್ನಷ್ಟು ಹತ್ತಿರ ಹಿಡಿದರು. ಆಕೆ ಇನ್ನೂ ಹೇಳುತ್ತಿದ್ದರು, ನಿಂತು ನಿಂತು, ಒಂದೊಂದೇ ಶಬ್ದ, ಬಿಟ್ಟುಹೋದ ಸಾಲು ಯಾವುದು, ಅದು ಇಲ್ಲದಿದ್ದರೆ ಏನು ಕೆಡುತ್ತದೆ, ಮುಂದಿನ ಸಲ ಹೇಗಿರಬೇಕು ಎಂದೆಲ್ಲ. ಭಾವ ಕಣ್ಣು ಒರೆಸಿಕೊಂಡು, ಮೆಟ್ಟಿಲ ಮೇಲೆ ಕೂತು, ಪೂರ್ತಿ ಬೈಸಿಕೊಂಡರು.